ಹಳೆಯ ಲ್ಯಾಪ್‌ಟಾಪ್‌ಗಳ ಪ್ರೊಸೆಸರ್, ಮೆಮೊರಿ ಹಾಗೂ ಸಂಗ್ರಹ ಸಾಮರ್ಥ್ಯದ ಉನ್ನತೀಕರಣ: ಸಾರ್ವಜನಿಕ ಮಾಹಿತಿ

ಸೇವಾ ಸಿಂಧು ಹಾಗೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ಗಳ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸುವ ಮೈಸೂರು ನಗರದ ನಾಗರಿಕರಲ್ಲಿ ಹಲವರು ಹಳೆಯ ಲ್ಯಾಪ್‌ಟಾಪ್‌ಗಳನ್ನೇ ಅವಲಂಬಿಸಿರುತ್ತಾರೆ. 2019-20ನೇ ಸಾಲಿನ ಯೋಜನೆಯಡಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಉಚಿತವಾಗಿ ವಿತರಿಸಲಾದ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳೂ ಈಗ ಹಳೆಯವುಗಳ ಸಾಲಿಗೆ ಸೇರಿವೆ. ಅರ್ಜಿಯ ಕೊನೆಯ ದಿನದಂದು ದಾಖಲೆ ಅಪ್‌ಲೋಡ್ ಆಗದೆ ಯಂತ್ರವು ಸ್ತಬ್ಧವಾದಲ್ಲಿ ಅರ್ಜಿದಾರರಿಗೆ ಒಂದು ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು. ಹಾಗೆಂದು ಅವಸರದಲ್ಲಿ ತಪ್ಪು ಬಿಡಿಭಾಗಕ್ಕೆ ಹಣ ತೆತ್ತಲ್ಲಿ ಹಣವೂ ಹೋಗಿ ತೊಂದರೆಯೂ ಉಳಿಯುತ್ತದೆ. ಯಾವ ಭಾಗವನ್ನು ಬದಲಿಸಬಹುದು, ಯಾವುದನ್ನು ಬದಲಿಸಲಾಗದು ಎಂಬುದನ್ನು ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಪ್ರೊಸೆಸರ್

ಲ್ಯಾಪ್‌ಟಾಪ್ ನಿಧಾನವಾದೊಡನೆ ಪ್ರೊಸೆಸರ್ ಬದಲಿಸಬೇಕೆಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಧ್ಯವಿರುವುದಿಲ್ಲ. ಇಂಟೆಲ್ ಸಂಸ್ಥೆಯ ನಾಲ್ಕನೆಯ ಪೀಳಿಗೆಯವರೆಗಿನ, ಅಂದರೆ ಸುಮಾರು 2014ರವರೆಗಿನ ಕೆಲವು ಮಾದರಿಗಳಲ್ಲಿ ಪ್ರೊಸೆಸರನ್ನು ಸಾಕೆಟ್‌ನಲ್ಲಿ ಕೂರಿಸಲಾಗುತ್ತಿತ್ತು. ಐದನೆಯ ಪೀಳಿಗೆಯಿಂದೀಚೆಗೆ ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಲಾಗುತ್ತಿದೆ. ಸಾಕೆಟ್ ಇರುವ ಯಂತ್ರದಲ್ಲಿಯೂ ಹೊಸ ಪ್ರೊಸೆಸರನ್ನು ಬಯೋಸ್ ಗುರುತಿಸಬೇಕು, ಅದರ ಶಾಖವನ್ನು ಹಳೆಯ ಫ್ಯಾನ್ ಹೊರಹಾಕಬೇಕು. ಇವೆರಡೂ ಕೂಡಿಬರುವುದು ಅಪರೂಪ. ಆದುದರಿಂದ ಪ್ರೊಸೆಸರ್ ಬದಲಾವಣೆಗೆ ಹಣ ವಿನಿಯೋಗಿಸದಿರುವುದೇ ಸೂಕ್ತ. ಫ್ಯಾನ್‌ನ ಧೂಳು ತೆಗೆಸಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸುವುದರಿಂದ ಎಷ್ಟೋ ಸಂದರ್ಭಗಳಲ್ಲಿ ಅದು ತನ್ನ ಮೊದಲಿನ ವೇಗಕ್ಕೆ ಮರಳುತ್ತದೆ. ಅತಿಯಾಗಿ ಬಿಸಿಯಾದ ಪ್ರೊಸೆಸರ್ ತಾನೇ ವೇಗ ಕುಗ್ಗಿಸಿಕೊಳ್ಳುವುದು ಇದಕ್ಕೆ ಕಾರಣ.

ಸಂಗ್ರಹ

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಾಣುವುದು ಇಲ್ಲಿಯೇ. ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ ನಿಮಿಷಕ್ಕೆ 5,400 ಬಾರಿ ತಿರುಗುವ ತಟ್ಟೆಯ ಮೇಲೆ ಓದುವ ತಲೆಯು ಸರಿಯಾದ ಸ್ಥಳವನ್ನು ಹುಡುಕಬೇಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಆದ್ದರಿಂದ ಯಂತ್ರ ಆರಂಭವಾಗಲು ಹಲವು ನಿಮಿಷ ಬೇಕಾಗುತ್ತಿದ್ದಲ್ಲಿ ಎಸ್‌ಎಸ್‌ಡಿ ಅಳವಡಿಸಿದ ನಂತರ ಬಹುಮಟ್ಟಿಗೆ ಒಂದು ನಿಮಿಷದೊಳಗೆ ಆರಂಭವಾಗುತ್ತದೆ. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್ ಹಾಗೂ ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕ್ ಬಳಕೆಯು ಬಹಳ ಹೊತ್ತು ಶೇ. 100ರಲ್ಲಿಯೇ ನಿಂತಿದ್ದರೆ, ತಡೆ ಇರುವುದು ಪ್ರೊಸೆಸರ್‌ನಲ್ಲಲ್ಲ, ಡಿಸ್ಕ್‌ನಲ್ಲಿ ಎಂದು ತಿಳಿಯಬಹುದು.

ಎಸ್‌ಎಸ್‌ಡಿ ಖರೀದಿಸುವ ಮುನ್ನ ಲ್ಯಾಪ್‌ಟಾಪ್‌ನ ತಳಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಂಡು ತಯಾರಕರ ಕೈಪಿಡಿಯೊಂದಿಗೆ ತಾಳೆ ನೋಡತಕ್ಕದ್ದು. ಹಳೆಯ ಯಂತ್ರಗಳಿಗೆ ಸಾಮಾನ್ಯವಾಗಿ ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಎಂ.2 ಸ್ಥಾನವಿರುವ ಯಂತ್ರಗಳಲ್ಲಿ ಅದು ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ಎಂಬುದು ಮುಖ್ಯ. ನೋಟಕ್ಕೆ ಎರಡೂ ಒಂದೇ ರೀತಿ ಕಂಡರೂ ಒಂದರ ಸ್ಥಾನದಲ್ಲಿ ಮತ್ತೊಂದು ಕೆಲಸ ಮಾಡದಿರಬಹುದು. ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಕೊಂಡರೂ, ಆನ್‌ಲೈನ್‌ನಲ್ಲಿ ತರಿಸಿದರೂ ಈ ಪರಿಶೀಲನೆ ಖರೀದಿದಾರರ ಹೊಣೆಯೇ.

ಮೆಮೊರಿ

ಅರ್ಜಿ ನಮೂನೆ, ಪಿಡಿಎಫ್ ಕಡತ ಹಾಗೂ ಬ್ರೌಸರ್‌ನ ಹಲವು ಪುಟಗಳನ್ನು ಒಟ್ಟಿಗೆ ತೆರೆಯುವವರಿಗೆ 4 ಜಿಬಿ ರ‍್ಯಾಮ್ ಸಾಲದು, 8 ಜಿಬಿ ಸಾಕು. ಡಿಡಿಆರ್3 ಮತ್ತು ಡಿಡಿಆರ್4 ಪಟ್ಟಿಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಬದಲು ಮತ್ತೊಂದು ಕೂರುವುದಿಲ್ಲ, ಬಲವಂತ ಮಾಡಬಾರದು. 32 ಬಿಟ್ ವಿಂಡೋಸ್ ಇರುವ ಯಂತ್ರದಲ್ಲಿ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಹಾಕಿಸಿದರೂ ಪ್ರಯೋಜನವಾಗದು, 64 ಬಿಟ್ ಆವೃತ್ತಿಯನ್ನು ಹೊಸದಾಗಿ ಅಳವಡಿಸಬೇಕಾಗುತ್ತದೆ. ತೆಳುವಾದ ಕೆಲವು ಮಾದರಿಗಳಲ್ಲಿ ರ‍್ಯಾಮ್ ಸಹ ಬೆಸುಗೆಗೊಂಡಿರುತ್ತದೆ. ಟ್ಯಾಬ್ಲೆಟ್‌ಗಳ ಸ್ಥಿತಿಯೂ ಇದೇ. 2025ರ ಕೊನೆಯ ತಿಂಗಳುಗಳಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿದ್ದರಿಂದ, ಹಿಂದೆ ಯಾರೋ ಕೊಟ್ಟ ಬೆಲೆಯನ್ನು ನಂಬದೆ ಎರಡು ಮೂರು ಕಡೆ ವಿಚಾರಿಸುವುದು ಒಳಿತು.

ಬದಲಿಸಿದರೂ ನೀಗದ ಕೊರತೆ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹದ ಜೊತೆಗೆ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಹಾಗೂ, ಇಂಟೆಲ್ ಆದಲ್ಲಿ, ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಅಗತ್ಯ. ಅದಕ್ಕಿಂತ ಹಳೆಯ ಯಂತ್ರಕ್ಕೆ ಎಷ್ಟೇ ರ‍್ಯಾಮ್ ಹಾಕಿಸಿದರೂ ಈ ಷರತ್ತು ಪೂರೈಸದು. ಅಂತಹವರು ಉಬುಂಟು ಮೊದಲಾದ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಪರಿಶೀಲಿಸಬಹುದು. ಯೂನಿಕೋಡ್ ಕನ್ನಡ ಅದರಲ್ಲಿಯೂ ಓದಲು, ಬರೆಯಲು ಬರುತ್ತದೆ.

ದಾಖಲೆಗಳ ಸುರಕ್ಷತೆ

ಡಿಸ್ಕ್ ಬದಲಿಸುವ ಮೊದಲು ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳ ಪ್ರತಿಗಳನ್ನು ಪೆನ್‌ಡ್ರೈವ್ ಅಥವಾ ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಂಡು, ನಕಲು ತೆರೆಯುತ್ತದೆಯೇ ಎಂದು ಮತ್ತೊಂದು ಗಣಕದಲ್ಲಿ ನೋಡತಕ್ಕದ್ದು. ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ಕಡತಗಳು ಮರಳಿ ದೊರೆಯದೇ ಹೋಗಬಹುದು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಪತ್ರಗಳು ಆ ಫಾಂಟ್ ಇಲ್ಲದ ಹೊಸ ವ್ಯವಸ್ಥೆಯಲ್ಲಿ ಅರ್ಥವಾಗದ ಚಿಹ್ನೆಗಳಂತೆ ಕಾಣುತ್ತವೆ. ಗಾಬರಿಗೊಂಡು ಅಳಿಸಬಾರದು, ಫಾಂಟ್ ಅಳವಡಿಸಿದರೆ ಓದಬಹುದು.

ಕಳಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿಯೇ ಬಿಟ್ಟುಬರಬಾರದು. ಕಡತ ಅಳಿಸಿದ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದ ಹಾರ್ಡ್ ಡಿಸ್ಕ್‌ನಿಂದ ಮಾಹಿತಿಯನ್ನು ಮರಳಿ ತೆಗೆಯುವುದು ಕಷ್ಟವೇನಲ್ಲ. ಪೂರ್ಣ ಫಾರ್ಮ್ಯಾಟ್ ಮಾಡಿ ಹೊರಗಿನ ಡಿಸ್ಕ್ ಆಗಿ ಬಳಸಬಹುದು. ಕೆಟ್ಟಿದ್ದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು ಸೂಕ್ತ. ನಗರದ ಮನೆಕಸದೊಂದಿಗೆ ಬೆರೆಸುವಂತಿಲ್ಲ.

ರಸೀದಿ ಮತ್ತು ದೂರು

ಬಿಡಿಭಾಗದ ಹೆಸರು, ಸಾಮರ್ಥ್ಯ, ಕ್ರಮಸಂಖ್ಯೆ ಹಾಗೂ ವಾರಂಟಿ ಅವಧಿಯನ್ನು ನಮೂದಿಸಿದ ಜಿಎಸ್‌ಟಿ ರಸೀದಿಯನ್ನು ಪಡೆಯತಕ್ಕದ್ದು. ಕೆಲಸ ಮುಗಿದ ನಂತರ ಅಂಗಡಿಯಲ್ಲಿಯೇ ಯಂತ್ರವನ್ನು ಆರಂಭಿಸಿ, ರಸೀದಿಯಲ್ಲಿರುವ ರ‍್ಯಾಮ್ ಮತ್ತು ಡಿಸ್ಕ್ ಪರದೆಯ ಮೇಲೂ ಕಾಣುತ್ತದೆಯೇ ಎಂದು ಖಾತ್ರಿಪಡಿಸಿಕೊಳ್ಳಬೇಕು. ವ್ಯತ್ಯಾಸವಿದ್ದು ಮಾರಾಟಗಾರರು ಸರಿಪಡಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಮೈಸೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸಬಹುದು. ತೆತ್ತ ಹಣ ₹5 ಲಕ್ಷ ಮೀರದ ದೂರುಗಳಿಗೆ ಶುಲ್ಕವಿಲ್ಲ.

ಲ್ಯಾಪ್‌ಟಾಪ್ ದುರಸ್ತಿಯಲ್ಲಿರುವಾಗ ಅರ್ಜಿಯ ಅವಧಿ ಮುಗಿಯುವ ಸಂಭವವಿದ್ದರೆ, ಆಯಾ ಸೇವೆ ಲಭ್ಯವಿರುವ ಕಡೆ ನಗರದ ಕರ್ನಾಟಕ ಒನ್ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ.