ಬೆಂಗಳೂರು ಸೇಬೂ ಘಟಪ್ರಭೆಯ ದಂಡೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಂತೆಯಲ್ಲಿ ಸೇಬುಹಣ್ಣು ಕೊಳ್ಳುವ ತಾವು ಅದು ಕಾಶ್ಮೀರದಿಂದಲೋ ಶಿಮ್ಲೆಯ ಕಡೆಯಿಂದಲೋ ಬಂದುದೆಂದು ತಿಳಿಯುತ್ತೀರಿ. ಆ ತಿಳಿವು ಬಹುಮಟ್ಟಿಗೆ ಸರಿಯೇ. ಆದರೆ ಕನ್ನಡ ನೆಲದಲ್ಲಿಯೇ ಬೆಳೆದು, ಮಾರಾಟವಾಗಿ, ಮರೆಯಾದ ಸೇಬೊಂದುಂಟು. ನಮ್ಮ ಬೆಳಗಾವಿ ಜಿಲ್ಲೆಯ ಕೆಲವು ರೈತರು ಈಗ ಸೇಬಿನ ಸಸಿ ನೆಡುತ್ತಿರುವಾಗ ಅದನ್ನು ನೆನೆಯುವುದು ಬರಿಯ ಕುತೂಹಲದ ಮಾತಲ್ಲ. ಕಬ್ಬು ಕಿತ್ತು ಸಸಿ ಇಡುವವನ ಗಂಟಿನ ಮಾತು.

ಮೊದಲು ಹೆಸರನ್ನು ನೋಡೋಣ. ‘ಸೇಬು’ ಅಚ್ಚಗನ್ನಡದ ಶಬ್ದವಲ್ಲ, ಪಾರಸಿಯ ‘ಸೇಬ್’. ಗಡಿನಾಡಿನವರಾದ ನಮಗೆ ಮರಾಠಿಯ ‘ಸಫರಚಂದ’ವೂ ಪರಿಚಿತ. ಮೈಸೂರು ಕಡೆಯವರು ‘ಸೀಬೆ’ ಎಂದರೆ ಸೇಬೆಂದು ಮೋಸಹೋಗಬೇಡಿ. ಅದು ನಮ್ಮ ಪೇರಲ!

ಬೆಂಗಳೂರಿನ ತೋಟಗಳಲ್ಲಿ ಬೆಳೆದ ಸೇಬಿನ ತಳಿ ‘ರೋಮ್ ಬ್ಯೂಟಿ’. ಇಟಲಿಯ ರೋಮಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ರೋಮ್ ಎಂಬ ಹಳ್ಳಿಗಾಡು ಉಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಗಿಲೆಟ್ ಮನೆತನದವರು ತರಿಸಿದ ಕಸಿಸಸಿಗಳಲ್ಲಿ ಒಂದು ಕಸಿಯ ಕೆಳಗಿನಿಂದ ಚಿಗುರಿತ್ತಂತೆ. ಕೆಲಸಕ್ಕೆ ಬಾರದೆಂದು ಅದನ್ನು ನದಿಯ ದಂಡೆಗೆ ನೆಟ್ಟರು. ಅದೇ ಸೊಗಸಾದ ಕೆಂಪು ಹಣ್ಣು ಬಿಟ್ಟಿತು. ಸೇಬಿನ ಬೀಜ ತಾಯಿಯ ಗುಣವನ್ನು ಹಾಗೆಯೇ ಕೊಡುವುದಿಲ್ಲ, ರೆಂಬೆಯನ್ನೇ ಕಸಿ ಮಾಡಬೇಕು. ಆದುದರಿಂದ ಲೋಕದಲ್ಲಿರುವ ರೋಮ್ ಬ್ಯೂಟಿ ಮರಗಳೆಲ್ಲ ಆ ಒಂದೇ ಮರದ ಮುಂದುವರಿದ ರೆಂಬೆಗಳೆನ್ನಬಹುದು.

ಅಂಥ ರೆಂಬೆ ಬೆಂಗಳೂರಿನಲ್ಲಿ ನಿಂತುದಕ್ಕೆ ಅಲ್ಲಿಯ ತೋಟಗಾರಿಕೆಯ ಪರಂಪರೆ ಆಧಾರವಾಯಿತು. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಪಂಡಿತ ಕ್ರುಂಬಿಗಲ್ ಲಾಲ್‌ಬಾಗನ್ನು ೧೯೩೨ರವರೆಗೆ ನೋಡಿಕೊಂಡರು. ಅವರ ನಂತರ ಬಂದ ಎಚ್. ಸಿ. ಜವರಾಯರೂ ಹಣ್ಣಿನ ಕೃಷಿಗಾಗಿ ದುಡಿದವರು. ಊರು ಮೂರು ಸಾವಿರ ಅಡಿ ಎತ್ತರದಲ್ಲಿದೆ, ಹವೆ ತಂಪು, ಕೆಮ್ಮಣ್ಣು ಬೇರೆ.

ಆದರೂ ಸೇಬಿಗೆ ಅಷ್ಟು ಸಾಲದು. ಶೀತದೇಶದ ಈ ಮರ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ಸಾಮಾನ್ಯ ತಳಿಗಳಿಗೆ ೭ ಅಂಶ ಸೆಂಟಿಗ್ರೇಡಿಗಿಂತ ಕೆಳಗಿನ ಚಳಿ ಸುಮಾರು ಒಂದು ಸಾವಿರ ಗಂಟೆ ಸಿಕ್ಕಬೇಕು. ಸಿಕ್ಕದಿದ್ದರೆ ಮೊಗ್ಗು ನೆಟ್ಟಗೆ ಒಡೆಯದು. ಅಷ್ಟು ಚಳಿ ಬೆಂಗಳೂರಿನಲ್ಲಿಯೂ ಇಲ್ಲ. ತೋಟಗಾರರು ಆಗ ನಕಲಿ ಚಳಿಗಾಲವನ್ನೇ ಹೂಡಿದರು. ನೀರು ನಿಲ್ಲಿಸಿ, ಬುಡದ ಮಣ್ಣು ಬಿಡಿಸಿ ಬೇರನ್ನು ಗಾಳಿಗೊಡ್ಡಿ ಮರವನ್ನು ಸುಸ್ತುಮಾಡುವುದು; ಆಮೇಲೆ ಗೊಬ್ಬರ ಹಾಕಿ ಒಮ್ಮೆಲೇ ನೀರು ಬಿಡುವುದು. ದಾಳಿಂಬೆ, ಲಿಂಬೆಗಳಿಗೆ ‘ಬಹಾರ’ ಹಿಡಿಯುವ ನಮ್ಮ ರೈತರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಜಾವಾ ದ್ವೀಪದ ಮಲಂಗ್ ಬಳಿಯ ಬಾಟು ಎಂಬಲ್ಲಿ ಇದೇ ರೋಮ್ ಬ್ಯೂಟಿಗೆ ಇನ್ನೊಂದು ಉಪಾಯ ಮಾಡುತ್ತಾರೆ: ಹಣ್ಣು ಕೊಯ್ದ ಕೆಲವು ವಾರಗಳಲ್ಲಿ ಎಲೆಗಳನ್ನೆಲ್ಲ ಕೈಯಿಂದ ಕೀಳುತ್ತಾರೆ. ಮರ ಗಾಢನಿದ್ರೆಗೆ ಜಾರುವ ಮೊದಲೇ ಮೊಗ್ಗು ಎಚ್ಚರಗೊಂಡು, ವರ್ಷಕ್ಕೆ ಎರಡು ಬೆಳೆ ಬರುತ್ತದೆ.

ಬೆಂಗಳೂರಿನ ಸೇಬು ಉಳಿಯಲಿಲ್ಲ. ತೋಟಗಳಿದ್ದಲ್ಲಿ ಬಡಾವಣೆ ಬಂದವು; ಉತ್ತರದ ಹಣ್ಣು ಪೇಟೆಯನ್ನು ತುಂಬಿತು.

ಈಗ ಎಲ್ಲರ ಬಾಯಲ್ಲಿರುವುದು ಎಚ್‌ಆರ್‌ಎಂಎನ್-೯೯. ಹಿಮಾಚಲದ ಬಿಲಾಸಪುರ ಜಿಲ್ಲೆಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ ಬೆಳೆಸಿದ ತಳಿ. ೨೦೨೫ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರ ಊರು ಸುಮಾರು ೧,೮೦೦ ಅಡಿ ಎತ್ತರದಲ್ಲಿದೆ. ನಮ್ಮ ಗೋಕಾಕವೂ ಹೆಚ್ಚು ಕಡಿಮೆ ಅಷ್ಟೇ. ಈ ಲೆಕ್ಕ ಹೇಳಿ ಸಸಿ ಮಾರುವವರು ಸಿಕ್ಕಾರು. ತಾವು ಒಂದು ಪ್ರಶ್ನೆ ಕೇಳಿರಿ. ಎತ್ತರ ಒಂದೇ ಆದರೆ ಚಳಿ ಒಂದೇ ಆಯಿತೇ? ಬಿಲಾಸಪುರ ೩೧ನೆಯ ಅಕ್ಷಾಂಶದಲ್ಲಿದೆ, ಗೋಕಾಕ ೧೬ನೆಯದರಲ್ಲಿ. ಅಲ್ಲಿ ಹಿಮಾಲಯದ ತಪ್ಪಲ ಚಳಿ; ಇಲ್ಲಿ ಬನದ ಹುಣ್ಣಿಮೆಯ ನಸುಕಿನಲ್ಲಿಯೂ ಹತ್ತು ಅಂಶದ ಕೆಳಗಿಳಿಯುವುದು ಅಪರೂಪ. ಕಡಿಮೆ ಚಳಿಯ ತಳಿಯಾದರೂ ಇಲ್ಲಿ ಬಹಾರದ ಉಪಚಾರ ತಪ್ಪದೆಂದು ನನ್ನ ಎಣಿಕೆ. ಇಸ್ರೇಲಿನ ‘ಅನ್ನಾ’ ತಳಿಯನ್ನು ನೆಡುವವರು ಪರಾಗಕ್ಕಾಗಿ ನಡುನಡುವೆ ಬಹಾಮಾ ದ್ವೀಪದ ‘ಡಾರ್ಸೆಟ್ ಗೋಲ್ಡನ್’ ಸಸಿಗಳನ್ನೂ ಇಡಬೇಕು.

ನೆಲದ ಆಯ್ಕೆ ಇನ್ನೂ ಮುಖ್ಯ. ನೀರು ನಿಂತರೆ ಸೇಬಿನ ಬೇರು ಕೊಳೆಯುತ್ತದೆ. ಹೊಳೆಸಾಲಿನ ಎರೆಭೂಮಿಗಿಂತ ಹುಕ್ಕೇರಿ ಕಡೆಯ ಮಸಾರಿಯ ಇಳಿಜಾರು ಮೇಲು. ಬದುವಿನಾಚೆ ಕಬ್ಬಿದ್ದರೆ ಅದರ ನೀರು ಒಸರುತ್ತಲೇ ಇರುತ್ತದೆ. ಕಾಲುವೆಯ ಕೆಳಗೂ ಹಾಗೆಯೇ. ನೀರು ನಿಲ್ಲಿಸಿದೆನೆಂದು ರೈತ ನಂಬಿದ್ದರೂ ಮರ ಕುಡಿಯುತ್ತಲೇ ಇರುತ್ತದೆ, ಮಲಗುವುದಿಲ್ಲ. ಮಾಗಿ ಮುಗಿಯುವಾಗ ಹೂ ಬಂದರೆ ಹಣ್ಣು ಜೂನಿನ ಸುಮಾರಿಗೆ ಮಾಗುತ್ತದೆ. ಉತ್ತರದ ಹೊಸ ಬೆಳೆ ಆಗಿನ್ನೂ ಪೇಟೆಗೆ ಇಳಿದಿರುವುದಿಲ್ಲ; ಬೆಲೆ ಬಂದರೆ ಆ ಕೆಲವು ವಾರಗಳಲ್ಲಿಯೇ. ರಾತ್ರಿಯ ತಂಪಿಲ್ಲದೆ ನಮ್ಮ ಹಣ್ಣಿಗೆ ಕಡುಗೆಂಪು ಏರುವುದಿಲ್ಲ, ಹಳದಿಯ ಮೇಲೆ ಕೆಂಪು ಗೀರಷ್ಟೆ. ಹೆಚ್ಚು ದಿನ ಇಟ್ಟರೆ ಹಿಟ್ಟಾಗುತ್ತದೆ. ಮಿರಗದ ಮಳೆ ಹಿಡಿಯುವುದರೊಳಗೆ ಕೊಯ್ದು, ಹತ್ತಿರದ ಸಂತೆಯಲ್ಲಿಯೇ ಮಾರಿಬಿಡಬೇಕು.