ಕಡತದಿಂದ ಕ್ಲಸ್ಟರಿನವರೆಗೆ ಪಹಣಿಯ ಪ್ರತಿ

ಚನ್ನಗಿರಿಯ ಅಡಿಕೆ ತೋಟವಾಗಲಿ, ಹೊನ್ನಾಳಿ, ನ್ಯಾಮತಿಗಳ ಗದ್ದೆಯಾಗಲಿ, ಜಗಳೂರಿನ ಮಳೆಯಾಶ್ರಿತ ಹೊಲವಾಗಲಿ, ಅದು ಯಾರದೆಂಬ ಪ್ರಶ್ನೆ ಬಂದಾಗ ಮೊದಲು ಕೇಳುವ ಕಾಗದ ಪಹಣಿ. ಬ್ಯಾಂಕಿನ ಬೆಳೆಸಾಲಕ್ಕೂ ಅದೇ ಬೇಕು, ಅಣ್ಣತಮ್ಮಂದಿರ ಪಾಲಿಗೂ ಅದೇ ಬೇಕು. ಈ ಕಾಗದ ಇಂದು ಹುಟ್ಟುವುದು ಗಣಕಯಂತ್ರದಲ್ಲಿ. ಆ ಯಂತ್ರ ಕೆಟ್ಟರೆ ಇನ್ನೊಂದು ಪ್ರತಿ ಎಲ್ಲಿದೆ, ಅದನ್ನು ನಂಬಬಹುದೇ ಎಂಬುದು ತಂತ್ರಜ್ಞರಿಗಷ್ಟೇ ಬಿಟ್ಟ ಮಾತಲ್ಲ. ಸರ್ವರ್‌ಗಳ ಗುಂಪಿಗೆ ಬ್ಯಾಕಪ್ ತಂತ್ರಾಂಶ ಅಳವಡಿಸುವವರು ಎದುರಿಸುವ ಪ್ರಶ್ನೆಗಳನ್ನು ನಮ್ಮ ಕಂದಾಯ ವ್ಯವಸ್ಥೆ ಬಹಳ ಹಿಂದೆಯೇ ಎದುರಿಸಿತ್ತು.

ಭೂದಾನವನ್ನು ಕಲ್ಲಿನ ಮೇಲೆ ಕೆತ್ತಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುವುದು, ತಾಮ್ರದ ಹಲಗೆಗಳಲ್ಲಿ ಬರೆಸಿ ಉಂಗುರಕ್ಕೆ ಪೋಣಿಸಿ ಮುದ್ರೆಯೊತ್ತಿ ದಾನ ಪಡೆದವರಿಗೆ ಕೊಡುವುದು ಹಿಂದಿನ ಪದ್ಧತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳು ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲೂ ಜಗಳೂರಿನವು ಚಿತ್ರದುರ್ಗದ ಸಂಪುಟದಲ್ಲೂ ಸೇರಿದವು. ಈ ಮಾಲೆಯಲ್ಲಿ ಅಚ್ಚಾದ ಎಷ್ಟೋ ಶಾಸನಗಳ ಮೂಲ ಕಲ್ಲು ಈಗ ಕಾಣಸಿಗದು. ಉಳಿದಿರುವುದು ಬೇರೆಡೆ ಇಟ್ಟ ಪ್ರತಿ ಮಾತ್ರ.

ಹಳ್ಳಿಯ ಲೆಕ್ಕದ ಕತೆ ಬೇರೆ. ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದಲ್ಲಿ ಶಾನುಭೋಗರು ಬಳಪದಿಂದ ಬರೆಯುತ್ತಿದ್ದರು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಮುಂದೆ ಕಾಗದದ ಪುಸ್ತಕಗಳು ಬಂದರೂ ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆಯಾಗಿಯೇ ಉಳಿದದ್ದರಿಂದ ಊರಿನ ಲೆಕ್ಕ ಒಂದು ಮನೆತನಕ್ಕೆ ಅಂಟಿಕೊಂಡಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಆ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅದರ ಮುಖ್ಯ ತತ್ತ್ವ ಇಷ್ಟೆ: ದಾಖಲೆ ಹುದ್ದೆಗೆ ಸೇರಿದ್ದು, ಆಳಿಗಲ್ಲ. ಆಳು ಬದಲಾದರೂ ದಾಖಲೆ ಅದೇ ಹೆಸರಿನಲ್ಲಿ ಸಿಗಬೇಕು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. 2018ರಲ್ಲಿ ಹೊನ್ನಾಳಿಯಿಂದ ಒಡೆದು ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು. ಜಮೀನು ಅಲ್ಲಾಡಲಿಲ್ಲ, ಅದರ ವಿಳಾಸ ಬದಲಾಯಿತು. ಈ ಎರಡು ಬದಲಾವಣೆಗಳ ನಡುವೆ ಬಂದದ್ದು ಭೂಮಿ ಯೋಜನೆ. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಗಣಕಗಳಿಗೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು. ಕಾಲಕ್ರಮದಲ್ಲಿ ತಾಲ್ಲೂಕುಗಳ ಮಾಹಿತಿ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು.

ಇಡೀ ನಾಡು ಒಂದು ಕೇಂದ್ರವನ್ನು ಅವಲಂಬಿಸಿದಾಗ ಒಂದೇ ಯಂತ್ರವನ್ನು ನೆಚ್ಚುವಂತಿಲ್ಲ. ಇಂಥಲ್ಲಿ ನೆರವಿಗೆ ಬರುವುದು ಕ್ಲಸ್ಟರ್. ಎರಡು ಅಥವಾ ಹೆಚ್ಚು ಸರ್ವರ್‌ಗಳನ್ನು ಜೋಡಿಸಿ ಹೊರಗಿನವರಿಗೆ ಒಂದೇ ಹೆಸರಿನಲ್ಲಿ ಕಾಣುವಂತೆ ಮಾಡುವ ಏರ್ಪಾಟು ಇದು. ಡಿಜಿಟಲ್ ಕಂಪನಿ 1983ರಲ್ಲಿ ವ್ಯಾಕ್ಸ್ ಕ್ಲಸ್ಟರನ್ನು ಪ್ರಕಟಿಸಿತು. ದಾವಣಗೆರೆ ಜಿಲ್ಲೆ ಹುಟ್ಟಿದ 1997ರಲ್ಲೇ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎನ್‌ಟಿಗೆ ಈ ಸೌಲಭ್ಯ ತಂದಿತು. ಇದರ ಸಾಮಾನ್ಯ ರೂಪದಲ್ಲಿ ಮಾಹಿತಿ ಇರುವ ಡಿಸ್ಕ್ ಎಲ್ಲ ಸರ್ವರ್‌ಗಳಿಗೂ ಸಮಾನವಾದರೂ ಒಂದು ಹೊತ್ತಿನಲ್ಲಿ ಅದರ ಒಡೆತನ ಒಂದರದೇ. ಅದು ಕೆಟ್ಟರೆ ಮತ್ತೊಂದು ಆ ಒಡೆತನ ವಹಿಸಿಕೊಳ್ಳುತ್ತದೆ.

ಎರಡು ಯಂತ್ರಗಳಿದ್ದ ಮೇಲೆ ಎರಡು ಪ್ರತಿಗಳೂ ಇದ್ದಂತೆ ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ಕ್ಲಸ್ಟರ್ ಕಾಯುವುದು ಕೆಲಸ ನಿಲ್ಲದಂತೆ. ದಾಖಲೆ ಅಳಿಯದಂತೆ ಅಲ್ಲ. ಯಾರೋ ತಪ್ಪಾಗಿ ಒಂದು ಹೋಬಳಿಯ ಪಹಣಿಗಳನ್ನು ಅಳಿಸಿದರೆ, ಎರಡನೆಯ ಸರ್ವರೂ ಅಳಿಸಿದ ಸ್ಥಿತಿಯನ್ನೇ ನಿಷ್ಠೆಯಿಂದ ತೋರಿಸುತ್ತದೆ. ಆದ್ದರಿಂದಲೇ ಕ್ಲಸ್ಟರಿಗೂ ಬ್ಯಾಕಪ್ ಬೇಕು.

ಅದನ್ನು ಅಳವಡಿಸುವಾಗಿನ ಮೊದಲ ನಿಯಮ 1963ರ ಪಾಠವೇ. ಬ್ಯಾಕಪ್ಪನ್ನು ಯಾವುದೋ ಒಂದು ಸರ್ವರಿನ ಹೆಸರಿಗೆ ಕಟ್ಟಬಾರದು. ಎಲ್ಲಕ್ಕೂ ಸಮಾನವಾದ ಕ್ಲಸ್ಟರಿನ ಹೆಸರಿಗೆ ಕಟ್ಟಬೇಕು. ಇಲ್ಲವಾದರೆ ಒಡೆತನ ಇನ್ನೊಂದಕ್ಕೆ ಹೋದ ರಾತ್ರಿ ತಂತ್ರಾಂಶ ಹಳೆಯ ಸರ್ವರಿನ ಬಾಗಿಲು ತಟ್ಟುತ್ತದೆ. ಅಲ್ಲಿ ಪಹಣಿಯೇ ಇರುವುದಿಲ್ಲ. ಒಡೆತನ ಯಾರಿಗೆ ಬಂದರೂ ಕೆಲಸ ನಡೆಯಲೆಂದು ಬ್ಯಾಕಪ್ಪಿನ ಸಹಾಯಕ ತಂತ್ರಾಂಶವನ್ನು ಪ್ರತಿ ಸರ್ವರಿನಲ್ಲೂ ಹಾಕಬೇಕು. ಪ್ರತಿ ಸರ್ವರಿನ ಸ್ವಂತ ಡಿಸ್ಕ್, ಕ್ಲಸ್ಟರಿನ ರಚನೆಯ ವಿವರಗಳಿಗೆ ಬೇರೆ ಪ್ರತಿ ಬೇಕು. ಖಾತೆ ಬದಲಾವಣೆ ನಡೆಯುತ್ತಿರುವಾಗ ಮಾರಿದವನ ಹೆಸರು ತೆಗೆದು, ಕೊಂಡವನ ಹೆಸರು ಸೇರಿಸುವ ಮುನ್ನ ನಕಲು ಮಾಡಿದರೆ ಆ ಪ್ರತಿಯಲ್ಲಿ ಜಮೀನು ಯಾರದೂ ಅಲ್ಲ. ಆದ್ದರಿಂದ ಇಡೀ ದಾಖಲೆಯನ್ನು ಒಂದೇ ಕ್ಷಣದ ಸ್ಥಿತಿಯಲ್ಲಿ ಹಿಡಿಯಬೇಕು.

ಪ್ರತಿ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಹತ್ತಿದ ಬೆಂಕಿಯಿಂದ ನೂರಾರು ಸೇವೆಗಳು ನಿಂತವು. ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್‌ನ ಸುಮಾರು 858 ಟೆರಾಬೈಟ್ ಮಾಹಿತಿ ಸುಟ್ಟಿತು. ಅದರ ಪ್ರತಿ ಹೊರಗೆಲ್ಲೂ ಇರಲಿಲ್ಲ. ತಂತ್ರಜ್ಞಾನದಲ್ಲಿ ಮುಂದಿರುವ ದೇಶವೂ ಕಲಿತದ್ದು ಒಂದೇ ಸೂರಿನಡಿಯ ಎರಡು ಪ್ರತಿ ಒಂದೇ ಪ್ರತಿ ಎಂಬುದನ್ನು.

ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆ ತಾಲ್ಲೂಕು ದಾಖಲೆ ಕೊಠಡಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಪ್ರಯತ್ನ. ಕಾಗದ ಗಣಕಕ್ಕೆ ಏರಿದ ದಿನ ಜವಾಬ್ದಾರಿ ಮುಗಿಯುವುದಿಲ್ಲ, ಬೇರೆ ರೂಪ ತಾಳುತ್ತದೆ. ಪ್ರತಿ ತೆಗೆದೆವೆಂಬ ವರದಿ ಸಾಲದು. ಆಗಾಗ ಬೇರೊಂದು ಯಂತ್ರದಲ್ಲಿ ಆ ಪ್ರತಿಯಿಂದಲೇ ಪಹಣಿ ಎತ್ತಿ ನೋಡಬೇಕು. ಜಗಳೂರಿನ ರೈತನ ಸರ್ವೆ ನಂಬರು, ಹೆಸರು, ಎಕರೆ ಗುಂಟೆ ತಾಳೆಯಾದರೆ ಅದು ಬ್ಯಾಕಪ್. ಅಲ್ಲಿಯವರೆಗೆ ಅದು ಬರಿಯ ನಂಬಿಕೆ.