ಒಂದು ರೂಪಾಯಿಗೆ ಎಷ್ಟು ಹೊತ್ತು?

ಅಕ್ಕಲಕೋಟೆಯಿಂದ ಬಂದ ನನ್ನ ಅಕ್ಕನ ಮಗ ಚಹಾ ಕುಡಿಯುವ ಮೊದಲೇ ಒಂದು ಕೆಲಸ ಒಪ್ಪಿಸಿದ. ಸ್ವಾಮಿ ಸಮರ್ಥರ ಗುಡಿಗೆ ಹೋಗುವ ದಾರಿಯಲ್ಲಿ ಅವನಿಗೊಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ದರ್ಶನಕ್ಕೆ, ಅನ್ನಛತ್ರದ ಪಂಕ್ತಿಗೆ ಕಾಯುವ ಮಂದಿ ಮಕ್ಕಳನ್ನು ಕಟ್ಟಿಕೊಂಡು ಹೊತ್ತು ಕಳೆಯಲು ಜಾಗ ಹುಡುಕುತ್ತಿರುತ್ತಾರೆ. ಅವರಿಗಾಗಿ ವಿಡಿಯೊ ಗೇಮಿನ ಪೆಟ್ಟಿಗೆಗಳನ್ನು ಇಡಬೇಕೆಂದು ಅವನ ಯೋಚನೆ. "ಮಾಮಾ, ಆರು ಮಷೀನ್ ಹಿಡೀತಾವ. ಯಾವ್ಯಾವ ಆಟ ಇಡಬೇಕು, ನೀವ ಆರಿಸಿ ಕೊಡ್ರಿ. ನಿಮಗ ಹಳೇದೆಲ್ಲಾ ಗೊತ್ತದ," ಎಂದ.

ನಾನು ಇತಿಹಾಸದ ಮಾಸ್ತರ. ಇತಿಹಾಸವೆಂದರೆ ಕೋಟೆ, ಶಾಸನ, ಒಪ್ಪಂದ ಎಂದು ಮಕ್ಕಳಿಗೆ ಹೇಳಿಕೊಂಡು ಬಂದವನು. ಆದರೆ ಆರು ಆಟಗಳನ್ನು ಆರಿಸಲು ಕುಳಿತಾಗ, ಇದಕ್ಕೂ ಒಂದು ಇತಿಹಾಸವಿದೆ, ಅದರಲ್ಲಿ ನನ್ನದೂ ಒಂದು ಪುಟವಿದೆ ಎಂಬುದು ನೆನಪಾಯಿತು.

ಗಡಿಯಾಚೆಯ ಓದುಗರಿಗೆ ನಮ್ಮ ಊರಿನ ಪರಿಚಯ ಎರಡು ಮಾತಿನಲ್ಲಿ ಹೇಳಬೇಕು. ಸೊಲ್ಲಾಪುರವೆಂದರೆ ಶರಣ ಸಿದ್ಧರಾಮನ ಸೊನ್ನಲಿಗೆ. ಆಮೇಲೆ ಅದು ಗಿರಣಿಗಳ ಊರಾಯಿತು, ಚಾದರಗಳ ಊರಾಯಿತು. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರದ ನಿಮ್ಮ ಕಾಸರಗೋಡೂ ನಮ್ಮ ಅಕ್ಕಲಕೋಟೆಯೂ ಕನ್ನಡ ನಾಡಿಗೆ ಸೇರಬೇಕೆಂದು ಬರೆದಿತ್ತು. ಎರಡೂ ಸೇರಲಿಲ್ಲ. ನೀವು ಮಲಯಾಳದ ಜೊತೆ ಬೆಳೆದಿರಿ. ನಾವು ಮರಾಠಿ, ತೆಲುಗು, ದಖನಿ ಉರ್ದುವಿನ ಜೊತೆ ಬೆಳೆದೆವು. ಗಿರಣಿಯ ಚಾಳಿನ ಒಂದೇ ನಲ್ಲಿಯ ಮುಂದೆ ಈ ನಾಲ್ಕೂ ಭಾಷೆಗಳಲ್ಲಿ ಜಗಳ ನಡೆಯುತ್ತಿತ್ತು. ನನ್ನ ಅಪ್ಪ ಗಿರಣಿಯ ಕೆಲಸಗಾರ. ನಮ್ಮದು ಅಂಥದೇ ಚಾಳು.

1995ರ ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಯಾತ್ರೆಯಲ್ಲಿ, ಹೋಮ್ ಮೈದಾನದ ಒಂದು ಡೇರೆಯೊಳಗೆ ನಾನು ಮೊದಲ ಸಲ ವಿಡಿಯೊ ಗೇಮ್ ಆಡಿದೆ. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಟಿ.ವಿ.ಯ ಪರದೆ, ಮುಂದೆ ಒಂದು ಹಿಡಿಕೆ, ಎರಡು ಗುಂಡಿ. ವಿಮಾನದ ಆಟ. ಒಂದು ರೂಪಾಯಿಗೆ ಮೂರು ಜೀವ. ಆಡುವವನೊಬ್ಬ, ಅವನ ಬೆನ್ನಿಗೆ ಹತ್ತು ಮಂದಿ. ಪರದೆಯ ಮೇಲಿನ ಇಂಗ್ಲಿಷು ಯಾರಿಗೂ ಬೇಕಾಗಿರಲಿಲ್ಲ. "ಎಡಕ್ಕ!" "ಡಾವೀಕಡೆ!" ಎಂದು ಎಲ್ಲರೂ ಅವರವರ ಭಾಷೆಯಲ್ಲಿ ಕೂಗುತ್ತಿದ್ದರು, ಆಡುವವನಿಗೆ ಎಲ್ಲವೂ ತಿಳಿಯುತ್ತಿತ್ತು.

ಜಾತ್ರೆ ಮುಗಿದ ಮೇಲೆ ಅದೇ ಆಟ ಪೇಟೆಯ ಒಂದು ಪಾರ್ಲರಿನಲ್ಲಿ ಕಂಡಿತು. ಫೆಬ್ರುವರಿ ತಿಂಗಳು, ನನ್ನ ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಿತ್ತು. ಗಣಿತದ ಗೈಡಿಗೆಂದು ಅಪ್ಪ ಕೊಟ್ಟ ಇಪ್ಪತ್ತು ರೂಪಾಯಿ ಕಿಸೆಯಲ್ಲಿತ್ತು. ಒಂದೇ ರೂಪಾಯಿ ಎಂದು ಶುರುಮಾಡಿದೆ. ಅಲ್ಲಿ ಒಂದೇ ಜೀವ. ಗುಂಡುಗಳು ಜಾತ್ರೆಯಲ್ಲಿದ್ದುದಕ್ಕಿಂತ ಎರಡರಷ್ಟು ಜೋರು. ನಿಮಿಷದೊಳಗೆ ಆಟ ಮುಗಿಯುತ್ತಿತ್ತು. ಜಾತ್ರೆಯಲ್ಲಿ ಬಂದದ್ದು ಇಲ್ಲಿ ಯಾಕೆ ಬರುವುದಿಲ್ಲ ಎಂಬ ಹಟಕ್ಕೆ ಬಿದ್ದು ಇಪ್ಪತ್ತೂ ಕಳೆದೆ. ನನ್ನ ಕೈಯೇ ದಡ್ಡ ಕೈ ಎಂದುಕೊಂಡು ಮನೆಗೆ ನಡೆದೆ.

ಅಪ್ಪ ಹೊಡೆಯಲಿಲ್ಲ. "ಇಪ್ಪತ್ತ ರೂಪಾಯಿಗೆ ಎಷ್ಟೊತ್ತ ಆಡಿದಿ?" ಎಂದು ಕೇಳಿದ. "ಕಾಲು ತಾಸು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಷೀನ್ ಎಷ್ಟ ಜೋರ ಓಡಬೇಕು ಅನ್ನೂದು ಅದರ ಮುಂದ ನಿಂತವನ ಕೈಯಾಗ ಇರೂದಿಲ್ಲಪಾ," ಎಂದ. ಮಗ್ಗದ ಮುಂದೆ ಆಯುಷ್ಯ ಕಳೆದವನ ಮಾತು. ನನಗೆ ಆಗ ಅರ್ಥವಾಗಲಿಲ್ಲ. ಗೈಡಿಲ್ಲದೆ ಪರೀಕ್ಷೆ ಬರೆದೆ. ಗಣಿತದಲ್ಲಿ ಹೇಗೋ ಪಾರಾದೆ.

ಹಾಗಾಗಿ ಅಳಿಯನ ಪ್ರಶ್ನೆಗೆ ನಾನು ಹಿಡಿದ ಅಳತೆಗೋಲು ಅಪ್ಪನದೇ: ಒಂದು ನಾಣ್ಯಕ್ಕೆ ಎಷ್ಟು ಹೊತ್ತು? ಈ ಆಟಗಳ ಇತಿಹಾಸವೆಲ್ಲ ಅದರಲ್ಲಿದೆ. ಮಾಲೀಕನಿಗೆ ಆಟ ಬೇಗ ಮುಗಿಯಬೇಕು, ಹುಡುಗನಿಗೆ ಮುಗಿಯಬಾರದು. ಒಳ್ಳೆಯ ಆಟವೆಂದರೆ ಇಬ್ಬರ ನಡುವಿನ ನ್ಯಾಯವಾದ ಒಪ್ಪಂದ.

ಮೊದಲನೆಯದು ಪಾಂಗ್. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಗಾಗಿ ಆಲನ್ ಆಲ್ಕಾರ್ನ್ ಮಾಡಿದ್ದು. ಎರಡು ಗೆರೆ, ಒಂದು ಚುಕ್ಕೆ; ಅದೇ ಚೆಂಡು, ಅದೇ ಬ್ಯಾಟು. ಕ್ಯಾಲಿಫೋರ್ನಿಯದ ಒಂದು ಹೆಂಡದಂಗಡಿಯಲ್ಲಿ ಇಟ್ಟ ಮೊದಲ ಪೆಟ್ಟಿಗೆ ಕೆಲವೇ ದಿನಗಳಲ್ಲಿ ಕೆಟ್ಟಿತೆಂದು ಕರೆ ಬಂತು. ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕಿತ್ತು! ಅಜ್ಜ ಮೊಮ್ಮಗ ಇಬ್ಬರೂ ಕಲಿಸದೆಯೇ ಆಡಬಹುದಾದ ಆಟ ಇದೊಂದೇ. ಬಾಗಿಲ ಹತ್ತಿರ ಇದಿರಲಿ.

ಎರಡನೆಯದು 1978ರ ಸ್ಪೇಸ್ ಇನ್ವೇಡರ್ಸ್. ಜಪಾನಿನ ನಿಶಿಕಾಡೊ ಮಾಡಿದ್ದು. ಮೇಲಿನಿಂದ ಸಾಲುಗಟ್ಟಿ ಇಳಿಯುವ ವೈರಿಗಳು ಕಡಿಮೆಯಾದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಇದು ಯೋಚಿಸಿ ಮಾಡಿದ್ದಲ್ಲ. ಚಿತ್ರಗಳು ಕಡಿಮೆಯಾದಂತೆ ಯಂತ್ರಕ್ಕೆ ಭಾರ ಇಳಿದು ತಾನಾಗಿ ಜೋರಾಯಿತು. ಅದು ಚಂದ ಕಂಡು ನಿಶಿಕಾಡೊ ಹಾಗೆಯೇ ಬಿಟ್ಟರು. ಇಲ್ಲಿ ವೇಗ ಹೆಚ್ಚಿಸುವವನು ಆಡುವವನೇ. ಅದಕ್ಕೇ ಇದು ನ್ಯಾಯದ ಆಟ.

ಮೂರನೆಯದು 1980ರ ಪ್ಯಾಕ್‌ಮನ್. ಗುಂಡಿಯೇ ಇಲ್ಲ, ಹಿಡಿಕೆಯೊಂದೇ. ಗಂಡಸರೇ ತುಂಬಿದ್ದ ಪಾರ್ಲರುಗಳಿಗೆ ಹೆಣ್ಣುಮಕ್ಕಳೂ ಬರಲಿ ಎಂದು ತೋರು ಇವಾತಾನಿ ತಿನ್ನುವುದನ್ನೇ ಆಟ ಮಾಡಿದರು. ಬೆನ್ನಟ್ಟುವ ನಾಲ್ಕು ಭೂತಗಳಿಗೆ ನಾಲ್ಕು ಸ್ವಭಾವ. ಅದನ್ನು ಅರಿತವನ ನಾಣ್ಯ ಬಹಳ ಹೊತ್ತು ಬಾಳುತ್ತದೆ. ನಾಲ್ಕನೆಯದು ಟೆಟ್ರಿಸ್. 1984ರಲ್ಲಿ ಮಾಸ್ಕೋದಲ್ಲಿ ಪಾಜಿತ್ನೋವ್ ಕಟ್ಟಿದ್ದು. ಪಾರ್ಲರಿನ ಪೆಟ್ಟಿಗೆಗೆ ಬಂದದ್ದು 1988ರಲ್ಲಿ. ಯಾರನ್ನೂ ಕೊಲ್ಲದೆ, ಬೀಳುವ ತುಂಡುಗಳನ್ನು ಜೋಡಿಸುತ್ತಾ ಹೋಗುವುದು. ನೇಯುವವರ ಊರಿನ ಮಂದಿಗೆ ಇದು ಒಗ್ಗುತ್ತದೆ.

ಐದನೆಯದರ ಬಗ್ಗೆ ನನಗೇ ಅನುಮಾನವಿತ್ತು: 1991ರ ಸ್ಟ್ರೀಟ್ ಫೈಟರ್ 2. ಇಬ್ಬರ ಕುಸ್ತಿ. ಸೋತವನು ಜಾಗ ಬಿಡಬೇಕು, ಗೆದ್ದವನು ನಿಂತಲ್ಲೇ ನಿಲ್ಲುತ್ತಾನೆ. ಬಡವನಾದರೂ ಕೈಚಳಕವಿದ್ದ ಹುಡುಗ ಒಂದೇ ರೂಪಾಯಿಗೆ ಇಡೀ ಸಂಜೆ ಆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅವನ ಸಂಜೆಗೆ ದುಡ್ಡು ಕೊಟ್ಟವರು ಸೋತವರು. ಇರಲಿ, ಕುಸ್ತಿಯ ಕಣವೂ ಹಾಗೆಯೇ ಅಲ್ಲವೆ?

ಆರನೆಯದನ್ನು ಅಳಿಯನೇ ಹೇಳಿದ: ಮುಸ್ತಫಾ. ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್ ಎಂಬುದು 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಹೊರತಂದ ಆ ಆಟದ ಅಸಲು ಹೆಸರು. ಅಮೆರಿಕದ ಒಂದು ಚಿತ್ರಕಥೆ ಅದಕ್ಕೆ ಮೂಲ. ನಮ್ಮಲ್ಲಿ ಆ ಹೆಸರನ್ನು ಯಾರೂ ನಾಲಿಗೆಗೆ ತಂದುಕೊಳ್ಳಲಿಲ್ಲ. ನಾಲ್ವರು ನಾಯಕರಲ್ಲಿ ನಮಗೆ ಪರಿಚಯದ ಹೆಸರಿನವನು ಮುಸ್ತಫಾ ಒಬ್ಬನೇ, ಎಲ್ಲರಿಗಿಂತ ಚುರುಕಿನವನೂ ಅವನೇ. ಅವನ ಹೆಸರೇ ಆಟದ ಹೆಸರಾಯಿತು, ನಮ್ಮೂರಲ್ಲಿ ಮಾತ್ರವಲ್ಲ, ಭಾರತದ ಉದ್ದಗಲಕ್ಕೆ. ಕಂಪನಿ ಇಟ್ಟ ಹೆಸರನ್ನು ಗಲ್ಲಿಯ ಹುಡುಗರು ಬದಲಿಸಿದ ಇತಿಹಾಸವಿದು. ಇದರಲ್ಲಿ ಮೂವರು ಒಟ್ಟಿಗೆ ನಿಂತು, ಒಬ್ಬರ ವಿರುದ್ಧ ಒಬ್ಬರಲ್ಲ, ಒಂದೇ ಪಕ್ಷವಾಗಿ ಆಡುತ್ತಾರೆ. 1990ರ ದಶಕದಲ್ಲಿ ಊರೂರುಗಳಲ್ಲಿ ಮನಸ್ಸು ಒಡೆಯುತ್ತಿದ್ದಾಗ ಮಲ್ಲು, ವೆಂಕಟೇಶ, ಸಲೀಮ ಎಂಬಂಥ ಹುಡುಗರು ಮೊಣಕೈಗೆ ಮೊಣಕೈ ತಾಗಿಸಿ ಆಡಿದ ಆಟ ಇದು. ಇದನ್ನು ಬಿಡುವುದು ಹೇಗೆ?

ಬೇಡವೆಂದವನ್ನೂ ಬರೆದುಕೊಟ್ಟೆ. ಗೊಂಬೆ ಎತ್ತುವ ಕೊಕ್ಕೆಯ ಪೆಟ್ಟಿಗೆ ಬೇಡ. ಕೊಕ್ಕೆಯ ಹಿಡಿತ ಎಷ್ಟು ಬಿಗಿಯಿರಬೇಕೆಂದು ಮಾಲೀಕನೇ ಒಳಗಿನಿಂದ ಗೊತ್ತುಮಾಡಬಹುದು. ಅಂಕಿ ತಿರುಗಿಸಿ ದುಡ್ಡು ಕೊಡುವಂಥದು ಬೇಡವೇ ಬೇಡ. ನಮ್ಮ ಕಡೆ ಇಂದಿಗೂ ಜಾರಿಯಲ್ಲಿರುವ 1887ರ ಮುಂಬಯಿ ಜೂಜು ಕಾಯಿದೆ ಕೂಡ ಬರೀ ಕೌಶಲದ ಆಟವನ್ನು ಹೊರಗಿಟ್ಟಿದೆ. ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲ್ ಯಂತ್ರಗಳನ್ನು ಜೂಜೆಂದು 1942ರಲ್ಲಿ ನಿಷೇಧಿಸಿದ್ದರು. ಆಡುಗನೊಬ್ಬ ಅಧಿಕಾರಿಗಳ ಮುಂದೆಯೇ ಆಡಿ, ಇದು ಕೈಚಳಕ ಎಂದು ತೋರಿಸಿದ ಮೇಲೆ 1976ರಲ್ಲಿ ನಿಷೇಧ ಎತ್ತಿದರು. ಕೌಶಲ ಯಾವುದು, ಅದೃಷ್ಟ ಯಾವುದು ಎಂಬ ಭೇದ ನಿಮಗೆ ಹೊಸತಲ್ಲ. ಆಟಿಯ ಮಳೆಯಲ್ಲಿ ನಿಮ್ಮ ಮನೆಗಳಲ್ಲಿ ಆಡುವ ಚೆನ್ನೆಮಣೆಯಲ್ಲಿ ದಾಳವಿಲ್ಲ; ಏಳೇಳರ ಎರಡು ಸಾಲು ಗುಳಿ, ಕಾಯಿ ಎಣಿಸುವ ಬುದ್ಧಿ, ಅಷ್ಟೇ.

ಸಾವಿರ ಆಟಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದ ಬೋರ್ಡು ಈಗ ಅಗ್ಗಕ್ಕೆ ಸಿಗುತ್ತದಂತೆ. ಅದೂ ಬೇಡವೆಂದೆ. ಸಾವಿರ ಆಟ ಎಲ್ಲರ ಮೊಬೈಲಿನಲ್ಲೂ ಇವೆ. ಬೆನ್ನಿಗೆ ನಿಂತ ಹತ್ತು ಮಂದಿ ಮಾತ್ರ ಅದರಲ್ಲಿಲ್ಲ. ಕಿಸೆಯಲ್ಲಿ ನಾಣ್ಯವಿಲ್ಲದ ಹುಡುಗನೂ ನೋಡಿ ಕಲಿಯಬೇಕಾದರೆ ದಿನವೂ ಅದೇ ಆಟ ಅದೇ ಜಾಗದಲ್ಲಿರಬೇಕು.

ಹೋದ ತಿಂಗಳು ಅಕ್ಕಲಕೋಟೆಗೆ ಮೊದಲ ಪೆಟ್ಟಿಗೆ ಬಂತು. ಮೆಕ್ಯಾನಿಕ್ ಹಿಂಬಾಗಿಲು ತೆರೆದು ಕೂತಿದ್ದ. ಬೋರ್ಡಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಒಂದು ಸಾಲು. ಏನಿದು ಎಂದೆ. "ಜೀವ ಎಷ್ಟು ಕೊಡೂದು, ಆಟ ಎಷ್ಟು ಕಠಿಣ ಇಡೂದು, ಎಲ್ಲಾ ಇಲ್ಲೇರಿ ಸರ. ಹಳೇ ಬೋರ್ಡಿನ್ಯಾಗೂ ಹಿಂಗs ಇತ್ತು," ಎಂದ.

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಜಾತ್ರೆಯ ಡೇರೆಯಲ್ಲಿ ಮೂರು ಜೀವ, ಪೇಟೆಯಲ್ಲಿ ಒಂದು ಜೀವ. ಕೈ ಅದೇ ಇತ್ತು. ಸ್ವಿಚ್ಚು ಬೇರೆ ಇತ್ತು. ಪೆಟ್ಟಿಗೆಯ ಒಳಗನ್ನು ಎಂದೂ ನೋಡದ ಅಪ್ಪನಿಗೆ ಇದು ಅಂದೇ ತಿಳಿದಿತ್ತು. ಅವನ ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಅವನೂ ಈಗಿಲ್ಲ.

ಅಳಿಯನಿಗೆ ಕೊಟ್ಟ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: ಆಟ ಯಾವುದೇ ಇರಲಿ, ಮೂರು ಜೀವಕ್ಕೆ ಕಡಿಮೆ ಇಡಬಾರದು, ಎಷ್ಟು ಇಟ್ಟಿದ್ದೇವೆಂದು ಪೆಟ್ಟಿಗೆಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆದು ಹಚ್ಚಬೇಕು. "ಇದರಿಂದ ಗಲ್ಲಾ ಕಡಿಮಿ ಆಗ್ತದ ಮಾಮಾ," ಎಂದ. ಆಗುತ್ತದೆ. ಆದರೂ ಬೋರ್ಡು ಬರೆಸಲು ಪೇಂಟರನನ್ನು ಕರೆಸಿದ್ದಾನೆ.